ಬನ್ನೂರು: ಯೋಗದರ್ಶನ ಮತ್ತು ಅದ್ವೈತಾನುಭವದ ಚರ್ಚೆ (ಇತಿಹಾಸ)

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಹೆಚ್ಚಿನವರಿಗೆ ಕುರಿ ತಳಿಯಿಂದ ಪರಿಚಿತ. ದರ್ಶನಶಾಸ್ತ್ರದ ಇತಿಹಾಸದಲ್ಲಿ ಅದು ಮಾಧ್ವ (ದ್ವೈತ) ಯತಿ ವ್ಯಾಸತೀರ್ಥರ (ವ್ಯಾಸರಾಯರು) ಹುಟ್ಟೂರು. ಧ್ಯಾನದಲ್ಲಿ ಕಾಣುವ ದೇವರೂಪವಾಗಲಿ, ಸಮಾಧಿಯಲ್ಲಿ ಎರಡೆಂಬುದು ಅಳಿದಂತೆ ತೋರುವ ಸ್ಥಿತಿಯಾಗಲಿ ಏನನ್ನು ಸಿದ್ಧಪಡಿಸುತ್ತದೆ ಎಂಬ ಚರ್ಚೆಯಲ್ಲಿ ಅವರದು ದೊಡ್ಡ ಹೆಸರು. ಅನುಭಾವಿಗಳ ಪಟ್ಟಿಗಳು ಅವರನ್ನು ಹರಿದಾಸರ ಗುರುವಾಗಿ ಕಾಣಿಸುತ್ತವೆ, ತರ್ಕಶಾಸ್ತ್ರದ ಚರಿತ್ರೆಗಳು ಖಂಡನಕಾರರಾಗಿ ಕಾಣಿಸುತ್ತವೆ. ಎರಡನ್ನೂ ಒಟ್ಟಿಗೆ ಓದಿದವರು ಕಡಿಮೆ.

ಆಕರಗಳ ಗೊಂದಲ ಜನ್ಮವರ್ಷದಿಂದಲೇ ಶುರುವಾಗುತ್ತದೆ. ಸಂಪ್ರದಾಯದ ಲೆಕ್ಕ 1447. ಆಧುನಿಕ ವಿದ್ವಾಂಸರು ಸಾಮಾನ್ಯವಾಗಿ ಸು. 1460 ಎನ್ನುತ್ತಾರೆ. ಅವರ ಜೀವನಕ್ಕೆ ಮುಖ್ಯ ಆಧಾರ ಸಮಕಾಲೀನ ಕವಿ ಸೋಮನಾಥನ ಸಂಸ್ಕೃತ ಚಂಪೂ ‘ವ್ಯಾಸಯೋಗಿಚರಿತ’. ಬಿ. ವೆಂಕೋಬರಾವ್ ಅದನ್ನು 1926ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ, ಮಠದ ಐತಿಹ್ಯಗಳನ್ನು ಒರೆಗೆ ಹಚ್ಚಲು ಒಂದು ಕಾವ್ಯವಾದರೂ ಕೈಗೆ ಬಂತು. ಗುರು ಅಬ್ಬೂರಿನ ಬ್ರಹ್ಮಣ್ಯತೀರ್ಥರ ಬಳಿಗೆ ಬಂದ ಹುಡುಗ ಯತಿರಾಜ (ವ್ಯಾಸತೀರ್ಥರ ಸನ್ಯಾಸಪೂರ್ವದ ಹೆಸರು) ಸನ್ಯಾಸಕ್ಕೆ ಅಂಜಿ ಆಶ್ರಮ ಬಿಟ್ಟು ಓಡಿದನು, ಕಾಡಿನಲ್ಲಿ ವಿಷ್ಣು ದರ್ಶನವಿತ್ತು ಹಿಂದಕ್ಕೆ ಕಳಿಸಿದನು ಎಂಬ ಕಥೆ ಇದರಲ್ಲಿ ಬರುತ್ತದೆ. ಇದು ಕವಿಯ ನಿರೂಪಣೆ. ಇದನ್ನು ಘಟನೆಯ ದಾಖಲೆಯಾಗಿ ಓದಬೇಕಿಲ್ಲ. ಆದರೆ ತರ್ಕಕ್ಕೆ ಹೆಸರಾದ ಯತಿಯ ಬಾಳಿನ ತಿರುವಿಗೆ ಸಮಕಾಲೀನರು ಒಂದು ದರ್ಶನವನ್ನೇ ಕಾರಣವಾಗಿಟ್ಟರು ಎಂಬುದು ಗಮನಾರ್ಹ.

ಮುಳಬಾಗಿಲಿನಲ್ಲಿ ಶ್ರೀಪಾದರಾಜರಲ್ಲಿ ವ್ಯಾಸಂಗ, ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಶ್ರಯ, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವ, 1539ರಲ್ಲಿ ತೀರಿಕೊಂಡು ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ಬೃಂದಾವನಸ್ಥರಾದುದು: ಇವೆಲ್ಲ ಚೆನ್ನಾಗಿ ದಾಖಲಾದ ಸಂಗತಿಗಳು. ರಾಜಾಶ್ರಯಕ್ಕೂ ಮತೀಯ ವಾದಕ್ಕೂ ಇದ್ದ ನಂಟನ್ನು ವ್ಯಾಲೆರಿ ಸ್ಟೋಕರ್ 2016ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಶಾಸನಗಳ ಸಹಿತ ಮರುಪರಿಶೀಲಿಸಿದ್ದಾರೆ. ಹಂಪಿಯ ಯಂತ್ರೋದ್ಧಾರಕ ಆಂಜನೇಯ ಅವರ ಪ್ರತಿಷ್ಠೆ ಎಂಬುದು ಸಂಪ್ರದಾಯ. ಷಟ್ಕೋಣದ ಯಂತ್ರದೊಳಗೆ ಪದ್ಮಾಸನದಲ್ಲಿ ಕುಳಿತ ಹನುಮಂತ ಅಪರೂಪದ ಶಿಲ್ಪ. ವ್ಯಾಸರಾಯರು ಬರೆದ ಹನುಮನ ಚಿತ್ರ ಮತ್ತೆ ಮತ್ತೆ ಮಾಯವಾಗುತ್ತಿತ್ತು ಎಂಬ ಕಥೆ ಅದಕ್ಕೆ ಅಂಟಿಕೊಂಡಿದೆ.

ಅನುಭವದ ಚರ್ಚೆಯಲ್ಲಿ ನಿಜವಾದ ತಿರುವು ವ್ಯಾಸತೀರ್ಥರ ಖಂಡನಗ್ರಂಥ ‘ನ್ಯಾಯಾಮೃತ’. ಅದರ ನಾಲ್ಕು ಪರಿಚ್ಛೇದಗಳಲ್ಲಿ ಮೊದಲೆರಡು ಜಗತ್ತಿನ ಮಿಥ್ಯಾತ್ವವನ್ನೂ ಜೀವ–ಬ್ರಹ್ಮರ ಅಭೇದವನ್ನೂ ಖಂಡಿಸುತ್ತವೆ. ಉಳಿದೆರಡು ಸಾಧನೆ ಮತ್ತು ಮೋಕ್ಷವನ್ನು ಚರ್ಚಿಸುತ್ತವೆ. ಗಾಢನಿದ್ರೆಯಲ್ಲಿ ‘ನಾನು’ ಇರುವುದಿಲ್ಲವಾದ್ದರಿಂದ ಅದು ಆತ್ಮವಲ್ಲ ಎಂಬುದು ಅದ್ವೈತದ ವಾದ. ‘ಸುಖವಾಗಿ ನಿದ್ದೆ ಮಾಡಿದೆ’ ಎಂದು ಎದ್ದವನು ಹೇಳುವುದಾದರೆ, ಆ ಸುಖವನ್ನು ಉಂಡ ‘ನಾನು’ ಅಲ್ಲಿಯೂ ಇತ್ತು ಎಂಬುದು ವ್ಯಾಸತೀರ್ಥರ ಪಕ್ಷ. ಆತ್ಮದ ನೇರ ಅರಿವಾದ ಸಾಕ್ಷಿಯ ಅನುಭವ ಭೇದವನ್ನೇ ತೋರುತ್ತದೆ, ಆ ಸಾಕ್ಷಿಯನ್ನು ಇನ್ನೊಂದು ಸ್ಥಿತಿ ಬಾಧಿಸಲಾರದು. ಹಾಗಾಗಿ ಭೇದ ತೋರದ ಸ್ಥಿತಿಯೊಂದು ಬಂದರೂ ಭೇದವೇ ಇಲ್ಲವೆಂದು ಅದರಿಂದ ಸಿದ್ಧವಾಗದು ಎಂಬ ನಿಲುವಿಗೆ ಇದು ಒಯ್ಯುತ್ತದೆ. ದರ್ಶನವನ್ನು ದ್ವೈತ ಅಲ್ಲಗಳೆಯುವುದಿಲ್ಲ. ಶ್ರವಣ, ಮನನ, ಧ್ಯಾನಗಳ ಬಳಿಕ ತನ್ನ ಯೋಗ್ಯತೆಗೆ ತಕ್ಕಂತೆ ಬಿಂಬರೂಪಿ ಹರಿಯನ್ನು ನೇರ ಕಾಣುವುದೇ ಬಿಂಬಾಪರೋಕ್ಷ. ಅದಾದ ಮೇಲೂ ಪ್ರಾರಬ್ಧ ಉಳಿಯುತ್ತದೆ. ಬಿಡುಗಡೆಗೆ ಹರಿಪ್ರಸಾದ ಬೇಕು. ಕಂಡವನು ಕಂಡದ್ದರಲ್ಲಿ ಕರಗಿಹೋಗುವುದಿಲ್ಲ. ಹರಿದಾಸರಾದ ಪುರಂದರ, ಕನಕರ ಭಕ್ತಿಯನ್ನು ಅದ್ವೈತಾನುಭವವೆಂದು ಸಡಿಲವಾಗಿ ಕರೆಯುವ ಇತ್ತೀಚಿನ ಬರಹಗಳು ಈ ಹಿನ್ನೆಲೆಯನ್ನು ಮರೆಯುತ್ತವೆ.

ನ್ಯಾಯಾಮೃತಕ್ಕೆ ಉತ್ತರವಾಗಿ ಅದ್ವೈತಿ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದರು. ಅದಕ್ಕೆ ದ್ವೈತ ಪಕ್ಷದ ವ್ಯಾಸ ರಾಮಾಚಾರ್ಯರ ‘ತರಂಗಿಣಿ’ ಪ್ರತ್ಯುತ್ತರ. ಮಧುಸೂದನರೇ ತಮ್ಮ ಗೀತಾವ್ಯಾಖ್ಯಾನದಲ್ಲಿ ಪತಂಜಲಿಯ ಸಮಾಧಿಗೆ ವಿಶೇಷ ಸ್ಥಾನ ಕೊಟ್ಟರು. ವ್ಯಾಸರಾಯರ ಮಠದ ಪರಂಪರೆ ಮುಂದೆ ಕವಲೊಡೆಯಿತು. ಒಂದು ಶಾಖೆಗೆ ಬನ್ನೂರು ಇರುವ ತಾಲ್ಲೂಕಿನ ಸೋಸಲೆಯದೇ ಹೆಸರು. ಇದೇ ಸೀಮೆಯ ಆಗ್ನೇಯಕ್ಕೆ, ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದರೆನ್ನುವ ನಿಜಗುಣ ಶಿವಯೋಗಿಗಳು ‘ಪರಮಾನುಭವಬೋಧೆ’, ‘ಕೈವಲ್ಯಪದ್ಧತಿ’ಗಳಲ್ಲಿ ಶಿವಾದ್ವೈತದ ಯೋಗವನ್ನು ಕನ್ನಡಕ್ಕೆ ತಂದರು. ಅವರ ಕಾಲ ಇನ್ನೂ ವಿವಾದಾಸ್ಪದ. ಆದ್ದರಿಂದ ವ್ಯಾಸತೀರ್ಥರೊಡನೆ ಅವರ ಸಂವಾದವನ್ನು ಊಹಿಸುವುದು ದುಡುಕು.

ಸಮಾಧಿಯ ಅನುಭವ ಏನನ್ನು ಸಿದ್ಧಪಡಿಸುತ್ತದೆ ಎಂಬ ಪ್ರಶ್ನೆ 20ನೆಯ ಶತಮಾನದಲ್ಲಿ ಅದ್ವೈತದ ಒಳಗಿನಿಂದಲೇ ಮತ್ತೆ ಎದ್ದಿತು. 1925ರಲ್ಲಿ ಆರಂಭವಾದ ಮೈಸೂರಿನ ರಾಮಕೃಷ್ಣ ಆಶ್ರಮ ಮತ್ತು ಅಲ್ಲಿ ಬೆಳೆದ ಕುವೆಂಪು ಅವರ ಮೂಲಕ ಸಮಾಧಿ, ದರ್ಶನಗಳ ಮಾತು ಕನ್ನಡ ಓದುಗರ ಮನೆಮಾತಾಯಿತು. ಅದೇ ನಗರದಲ್ಲಿ ಅರಮನೆಯ ವೇದಾಂತಪಾಠಕ್ಕೆ ಹೆಸರಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅನುಭಾವಿಯ ಅನುಭವವನ್ನು ಸತ್ಯದ ಒರೆಗಲ್ಲಾಗಿ ಒಪ್ಪಲಿಲ್ಲ. ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು 1920ರಲ್ಲಿ ಸ್ಥಾಪಿಸಿದ ವೈ. ಸುಬ್ಬರಾಯರು (1948ರಿಂದ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿ) ಇನ್ನೂ ಖಚಿತವಾಗಿ ವಾದಿಸಿದರು: ಶಂಕರರ ದಾರಿ ಎಚ್ಚರ, ಕನಸು, ನಿದ್ದೆಗಳ ವಿಚಾರ, ಬಂದು ಹೋಗುವ ಯೋಗಸಮಾಧಿ ಜ್ಞಾನವಲ್ಲ. 1929ರ ‘ಮೂಲಾವಿದ್ಯಾನಿರಾಸ’ದಿಂದ ಸಾಂಪ್ರದಾಯಿಕ ಅದ್ವೈತ ಪಂಡಿತರೊಡನೆ ಅವರಿಗಿದ್ದ ಭಿನ್ನಾಭಿಪ್ರಾಯ ಬಹಿರಂಗವಾಯಿತು, ಅವರು 1975ರಲ್ಲಿ ತೀರಿಕೊಂಡ ಮೇಲೂ ಆ ವಿವಾದ ಎರಡೂ ಪಕ್ಷಗಳ ಗ್ರಂಥಗಳಲ್ಲಿ ಮುಂದುವರಿದಿದೆ.