ಸ್ತನ ಕ್ಯಾನ್ಸರ್ ಪತ್ತೆಯಲ್ಲಿ ಲೇಸರ್ ರೋಹಿತದರ್ಶನ

ಸ್ತನದ ಅಂಗಾಂಶದ ಮೇಲೆ ಲೇಸರ್ ಕಿರಣವನ್ನು ಹಾಯಿಸಿ, ಅಲ್ಲಿಂದ ಮರಳಿ ಬರುವ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ, ಹಾಗೆ ದೊರೆತ ರೋಹಿತದಿಂದ ರೋಗವನ್ನು ಗುರುತಿಸುವ ವಿಧಾನ. ಮ್ಯಾಮೊಗ್ರಫಿಯ ಎಕ್ಸ್-ಕಿರಣ ಚಿತ್ರವು ಅಂಗಾಂಶದ ಸಾಂದ್ರತೆಯ ವ್ಯತ್ಯಾಸವನ್ನು ತೋರಿಸಿದರೆ, ರೋಹಿತವು ಅದರಲ್ಲಿರುವ ಕೊಬ್ಬು, ಪ್ರೋಟೀನು ಮೊದಲಾದ ರಾಸಾಯನಿಕ ಘಟಕಗಳ ವಿವರವನ್ನು ನೀಡುತ್ತದೆ.

ಬೆಳಕಿನ ನೆರವಿನಿಂದ ಸ್ತನವನ್ನು ಪರೀಕ್ಷಿಸುವ ಯತ್ನ ಲೇಸರಿಗಿಂತ ಹಳೆಯದು. 1929ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ಕಟ್ಲರ್ ಕತ್ತಲ ಕೋಣೆಯಲ್ಲಿ ಪ್ರಖರ ದೀಪವನ್ನು ಸ್ತನಕ್ಕೆ ಹಿಡಿದು, ಒಳಗಿನ ಗಂಟುಗಳ ನೆರಳನ್ನು ಗಮನಿಸುವ ಕ್ರಮವನ್ನು ವರದಿ ಮಾಡಿದನು. ಆದರೆ ಅಂಗಾಂಶದಲ್ಲಿ ಬೆಳಕು ಎಲ್ಲ ದಿಕ್ಕಿಗೂ ಚದುರುವುದರಿಂದ ಆ ನೆರಳು ಮಸುಕಾಗಿರುತ್ತಿತ್ತು. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ನಿರ್ಮಿಸಿದ ಬಳಿಕ, ಒಂದೇ ತರಂಗಾಂತರದ ತೀವ್ರ ಬೆಳಕು ಸಂಶೋಧಕರ ಕೈಗೆ ಬಂದಿತು.

ಈ ಬೆಳಕನ್ನು ಕ್ಯಾನ್ಸರ್ ಅಧ್ಯಯನಕ್ಕೆ ತಿರುಗಿಸಿದವರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಭೌತವಿಜ್ಞಾನಿ ರಾಬರ್ಟ್ ಆಲ್ಫಾನೊ ಪ್ರಮುಖರು. 1970ರಲ್ಲಿ ಸ್ಟ್ಯಾನ್ಲಿ ಶಪಿರೊ ಅವರೊಂದಿಗೆ, ಅತಿ ಕಿರು ಲೇಸರ್ ಸ್ಪಂದಗಳು ಗಾಜಿನಂತಹ ಮಾಧ್ಯಮದಲ್ಲಿ ಬಿಳಿ ಬೆಳಕಾಗಿ ಹರಡಿಕೊಳ್ಳುವುದನ್ನು ಪ್ರಕಟಿಸಿದ್ದ ಅವರು, 1984ರಲ್ಲಿ ಇಲಿಯ ಅಂಗಾಂಶಗಳ ಪ್ರತಿದೀಪ್ತಿಯನ್ನು, ಎಂದರೆ ಬೆಳಕನ್ನು ಹೀರಿದ ಅಣುಗಳು ಬೇರೆ ಬಣ್ಣದಲ್ಲಿ ಮರಳಿ ಸೂಸುವ ಬೆಳಕನ್ನು ಅಳೆದು, ರೋಗಗ್ರಸ್ತ ಮತ್ತು ಆರೋಗ್ಯವಂತ ಅಂಗಾಂಶಗಳ ರೋಹಿತಗಳು ಭಿನ್ನವೆಂದು ತೋರಿಸಿದರು. 1987ರಲ್ಲಿ ಮಾನವ ಸ್ತನ ಮತ್ತು ಶ್ವಾಸಕೋಶದ ಅಂಗಾಂಶಗಳ ಪ್ರತಿದೀಪ್ತಿ ರೋಹಿತಗಳೂ, 1991ರಲ್ಲಿ ಸ್ತನದ ಅಂಗಾಂಶದ ರಾಮನ್ ರೋಹಿತಗಳೂ ಅವರ ತಂಡದಿಂದ ಪ್ರಕಟವಾದವು.

1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಂಡ ರಾಮನ್ ಪರಿಣಾಮದಲ್ಲಿ, ಚದುರಿದ ಬೆಳಕಿನ ಅತ್ಯಲ್ಪ ಭಾಗವು ಅಣುಗಳ ಕಂಪನಕ್ಕೆ ತಕ್ಕಂತೆ ತರಂಗಾಂತರವನ್ನು ಬದಲಿಸಿಕೊಳ್ಳುತ್ತದೆ. ಪ್ರತಿ ಅಣುವಿಗೂ ತನ್ನದೇ ರೇಖಾಕ್ರಮವಿರುವುದರಿಂದ ಬಣ್ಣ ಹಾಕದೆಯೇ ಅದನ್ನು ಗುರುತಿಸಬಹುದಾದರೂ, ಸಂಕೇತ ತೀರ ಕ್ಷೀಣವಾದ್ದರಿಂದ ಲೇಸರ್ ಬರುವವರೆಗೆ ಅಂಗಾಂಶಗಳ ಅಧ್ಯಯನ ದುಸ್ಸಾಧ್ಯವಾಗಿತ್ತು.

ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮೈಕೆಲ್ ಫೆಲ್ಡ್ ನೇತೃತ್ವದ ತಂಡವು ಈ ವಿಧಾನವನ್ನು ಚಿಕಿತ್ಸಾಲಯದತ್ತ ಒಯ್ದಿತು. 2002ರಲ್ಲಿ ಅಬಿಗೇಲ್ ಹಾಕಾ ಮತ್ತು ಸಹೋದ್ಯೋಗಿಗಳು ಮ್ಯಾಮೊಗ್ರಾಮಿನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವ ಸುಣ್ಣದ ಕಣಗಳನ್ನು ಪರೀಕ್ಷಿಸಿದರು. ಕ್ಯಾಲ್ಸಿಯಂ ಆಕ್ಸಲೇಟಿನ ಕಣಗಳು ಸಾಮಾನ್ಯವಾಗಿ ನಿರಪಾಯದ ಗಂಟುಗಳಲ್ಲಿಯೂ, ಹೈಡ್ರಾಕ್ಸಿಅಪಟೈಟಿನ ಕಣಗಳು ನಿರಪಾಯ ಮತ್ತು ಕ್ಯಾನ್ಸರ್ ಎರಡರಲ್ಲಿಯೂ ಕಾಣಿಸಿಕೊಳ್ಳುತ್ತವೆ. ಈ ಎರಡನೆಯ ಗುಂಪಿನೊಳಗೂ ರೋಹಿತದ ಸೂಕ್ಷ್ಮ ಭೇದಗಳಿಂದ ಕ್ಯಾನ್ಸರನ್ನು ಬೇರ್ಪಡಿಸಬಹುದೆಂದು ಅವರು ತೋರಿಸಿದರು. 2005ರಲ್ಲಿ, ಶರೀರದಿಂದ ತೆಗೆದ ಅಂಗಾಂಶಗಳಲ್ಲಿ ಮುಖ್ಯವಾಗಿ ಕೊಬ್ಬು ಮತ್ತು ಕೊಲಾಜೆನ್ ಪ್ರೋಟೀನಿನ ಪ್ರಮಾಣವನ್ನು ಆಧರಿಸಿದ ಅವರ ವರ್ಗೀಕರಣವು ಕ್ಯಾನ್ಸರ್ ಮಾದರಿಗಳಲ್ಲಿ ಶೇ. 94ನ್ನೂ, ಕ್ಯಾನ್ಸರೇತರ ಮಾದರಿಗಳಲ್ಲಿ ಶೇ. 96ನ್ನೂ ಸರಿಯಾಗಿ ಗುರುತಿಸಿತು. 2006ರಲ್ಲಿ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ, ಗಂತಿಯನ್ನು ತೆಗೆದ ಜಾಗದ ಅಂಚುಗಳ ರೋಹಿತವನ್ನು ತೆಳು ಶೋಧಕದಿಂದ ದಾಖಲಿಸಿದಾಗ, ಕಣ್ಣಿಗೆ ಕಾಣದೆ ಉಳಿದಿದ್ದ ಕ್ಯಾನ್ಸರೊಂದು ಪತ್ತೆಯಾಯಿತು.

ಅದೇ ವರ್ಷ ಕರ್ನಾಟಕದ ಮಣಿಪಾಲದಿಂದಲೂ ಆರೋಗ್ಯವಂತ, ನಿರಪಾಯ ಮತ್ತು ಮಾರಕ ಸ್ತನ ಅಂಗಾಂಶಗಳನ್ನು ರಾಮನ್ ರೋಹಿತದಿಂದ ಬೇರ್ಪಡಿಸುವ ಅಧ್ಯಯನ ಪ್ರಕಟವಾಯಿತು.

ಬೆಳಕು ಅಂಗಾಂಶದಲ್ಲಿ ಹೆಚ್ಚು ಆಳಕ್ಕೆ ಇಳಿಯದಿರುವುದು ಈ ವಿಧಾನದ ಮುಖ್ಯ ಮಿತಿ. ಆದ್ದರಿಂದ ಅದು ಮ್ಯಾಮೊಗ್ರಫಿಗಾಗಲಿ ಬಯಾಪ್ಸಿಗಾಗಲಿ ಬದಲಿಯಲ್ಲ; ಗಂತಿಯ ಅಂಚನ್ನು ಸ್ಥಳದಲ್ಲೇ ತಿಳಿಸಿ, ರೋಗಿಗೆ ಎರಡನೆಯ ಶಸ್ತ್ರಕ್ರಿಯೆಯನ್ನು ತಪ್ಪಿಸಬಲ್ಲ ಪೂರಕ ಸಾಧನವಾಗಿಯೇ ಅದಕ್ಕೆ ಹೆಚ್ಚಿನ ಮಹತ್ವವಿದೆ.