ಪ್ರಥಮ ಪಿಯುಸಿ: ಪಶ್ಚಿಮ ಬೆಂಗಳೂರಿನಲ್ಲಿ ಸಿಇಟಿ ತಯಾರಿ

ವೃತ್ತಿಶಿಕ್ಷಣದ ಪ್ರವೇಶಕ್ಕೆ ತಯಾರಿ ಮೊದಲಾಗಬೇಕಾದದ್ದು ಪ್ರಥಮ ಪಿಯುಸಿಯಲ್ಲಿ. ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ಅದೇ ವರ್ಷ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ವಿಜ್ಞಾನ ವಿದ್ಯಾರ್ಥಿಗಳು ಕಣ್ಣಿಟ್ಟಿರುವ, ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಹಾದಿಗಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಂಥ (ಸ್ಥಾಪನೆ 1963) ಕಡೆ ಸರ್ಕಾರಿ ಕೋಟಾದ ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ರ‍್ಯಾಂಕಿನಿಂದ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿ ಅಂಕದ ಪಾಲು ಅರ್ಧ, ದ್ವಿತೀಯ ಪಿಯುಸಿಯ ಐಚ್ಛಿಕ ವಿಷಯಗಳದ್ದು ಇನ್ನರ್ಧ. ಪ್ರಥಮ ವರ್ಷದ ಅಂಕ ಈ ಲೆಕ್ಕದಲ್ಲಿ ಇಲ್ಲದ್ದರಿಂದ ‘ಪಾಸಾದರೆ ಸಾಕು’ ಎನ್ನುವವರಿದ್ದಾರೆ. ಅಂಕಪಟ್ಟಿಯ ಮಟ್ಟಿಗೆ ಅದು ನಿಜ, ಕಲಿಕೆಯ ಮಟ್ಟಿಗೆ ಅಲ್ಲ: ವಿಷಯಕ್ಕೆ 60ರಂತೆ ಕೇಳುವ ಪ್ರಶ್ನೆಗಳು ಎರಡೂ ವರ್ಷದ ಪಠ್ಯದಿಂದ ಬರುತ್ತವೆ. ಚಲನೆಯ ನಿಯಮ, ತ್ರಿಕೋನಮಿತಿ, ಸಾವಯವ ರಸಾಯನದ ಮೂಲತತ್ತ್ವ ಇವೆಲ್ಲ ಮೊದಲ ವರ್ಷದ ಪಾಠಗಳೇ. ಅವು ಗಟ್ಟಿಯಾಗದೆ ದ್ವಿತೀಯ ವರ್ಷದ ಪಾಠ ತಲೆಗೆ ಹತ್ತುವುದಿಲ್ಲ. ಅಂಕಕ್ಕೂ ಒಮ್ಮೆ ಬೆಲೆ ಬಂದಿತ್ತು. ಕೋವಿಡ್‌ನಿಂದ ಪರೀಕ್ಷೆ ರದ್ದಾದ 2021ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶದ ಶೇ. 45ರಷ್ಟು ಪ್ರಥಮ ಪಿಯುಸಿ ಅಂಕದಿಂದಲೇ ಬಂತು.

ಕೋಚಿಂಗ್ ಸೇರದೆ ಸೀಟಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಐಐಟಿಯ ಗುರಿಯಿದ್ದವರಿಗೆ ಅದರಲ್ಲಿ ಹುರುಳಿರಬಹುದು. ಸಿಇಟಿ ಮಾತ್ರ ಪಿಯು ಪಠ್ಯಕ್ಕೆ ಬದ್ಧ; 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದಾಗ ಪ್ರಾಧಿಕಾರ ಅವನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಆದ್ದರಿಂದ ದುಬಾರಿ ಶುಲ್ಕ ಕಟ್ಟುವ ಮುನ್ನ ಪೋಷಕರು ಮಗುವಿನ ಪ್ರಥಮ ವರ್ಷದ ಪಠ್ಯಪುಸ್ತಕವನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.