ಹೆಣಿಗೆಯ ಪುಸ್ತಕ: ಕೈವಿದ್ಯೆ ಅಕ್ಷರಕ್ಕೆ ಇಳಿದ ಕತೆ

ಗ್ರಂಥಾಲಯದ ಕಪಾಟಿನಲ್ಲಿ ಉಲ್ಲನ್ ಹೆಣಿಗೆಯ ಪುಸ್ತಕವೊಂದು ಕಣ್ಣಿಗೆ ಬಿದ್ದರೆ ನೀವು ಏನು ಮಾಡುತ್ತೀರಿ? ಬಿಡುವಿನ ಹವ್ಯಾಸಕ್ಕೆ ಸೇರಿದ್ದೆಂದು ಬದಿಗೆ ಸರಿಸುವವರೇ ಹೆಚ್ಚು. ಹೆಣೆಯಲು ಕಲಿತವರು ಮುಖಪುಟದ ಬಣ್ಣದ ಚಿತ್ರ ಚೆನ್ನಾಗಿದೆಯೆಂದು ಎತ್ತಿಕೊಳ್ಳಬಹುದು. ಆದರೆ ಇಂಥ ಪುಸ್ತಕಗಳಿಗೂ ಮುನ್ನೂರೈವತ್ತು ವರ್ಷಗಳಿಗೆ ಮೀರಿದ ಚರಿತ್ರೆಯಿದೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವೂ ಆ ಚರಿತ್ರೆಯಲ್ಲೇ ಸಿಗುತ್ತದೆ.

ಮೊದಲು ಹೆಣಿಗೆ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳೋಣ. ಮಗ್ಗದ ಬಟ್ಟೆಗೆ ಹಾಸು ಬೇಕು, ಹೊಕ್ಕು ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತಾ ಹೋದರೆ ಬಟ್ಟೆ ಬೆಳೆಯುತ್ತದೆ. ಕುಣಿಕೆಯನ್ನು ಎಳೆಯುವ ಕ್ರಮವೂ ಎರಡೇ: ಸೀದಾ ಮತ್ತು ಉಲ್ಟಾ. ಈ ಎರಡರಿಂದಲೇ ಸಾವಿರಾರು ವಿನ್ಯಾಸಗಳು ಹುಟ್ಟಿವೆ. ಈಜಿಪ್ಟಿನಲ್ಲಿ ದೊರೆತಿರುವ ನೀಲಿ-ಬಿಳಿ ಹತ್ತಿದಾರದ ಕಾಲುಚೀಲಗಳು ನಮಗೆ ತಿಳಿದಿರುವ ಅತ್ಯಂತ ಹಳೆಯ ಹೆಣಿಗೆಗಳಲ್ಲಿ ಸೇರಿವೆ. ಅವು ಸುಮಾರು 11ರಿಂದ 14ನೆಯ ಶತಮಾನದ ನಡುವಿನವು. 1589ರ ವೇಳೆಗೆ ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನೇ ರಚಿಸಿದ್ದನು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಯಂತ್ರ ಬಂದರೂ ಪುಸ್ತಕ ಬಂದಿರಲಿಲ್ಲ. ವಿದ್ಯೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಸಾಗುತ್ತಿತ್ತು. ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸುವ ಲೆಕ್ಕ ತಾಯಿಯಿಂದ ಮಗಳಿಗೆ ಇಳಿದು ಬಂದಿತು. ಹೀಗೆ ಸಾಗುವ ವಿದ್ಯೆಗೆ ಒಂದು ಶಕ್ತಿಯಿದೆ, ಒಂದು ಅಪಾಯವೂ ಇದೆ. ಕಲಿಸುವ ಕೈ ನಿಂತರೆ ವಿದ್ಯೆಯೂ ನಿಲ್ಲುತ್ತದೆ.

ಔಷಧಿಯ ಪುಸ್ತಕದಲ್ಲಿ ಕಾಲುಚೀಲ

ಇಂಗ್ಲಿಷಿನಲ್ಲಿ ಅಚ್ಚಾದ, ಈವರೆಗೆ ತಿಳಿದಿರುವ ಮೊದಲ ಹೆಣಿಗೆ ಪಾಠ ಇರುವುದು 1655ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ನ್ಯಾಚುರಾ ಎಕ್ಸೆಂಟೆರಾಟಾ’ ಎಂಬ ಗ್ರಂಥದಲ್ಲಿ. ಅದು ಮುಖ್ಯವಾಗಿ ಔಷಧಿ ಮತ್ತು ಮನೆಮದ್ದುಗಳ ಪುಸ್ತಕ. ಕಷಾಯ, ಲೇಪಗಳ ಜೊತೆಯಲ್ಲೇ ಕಾಲುಚೀಲ ಹೆಣೆಯುವ ಕ್ರಮವೂ ಸೇರಿಕೊಂಡಿತು. ಮನೆಯ ಹೆಂಗಸರು ತಿಳಿದಿರಬೇಕಾದ ಸಂಗತಿಗಳಲ್ಲಿ ಎರಡೂ ಒಂದೇ ಗುಂಪಿಗೆ ಸೇರಿದ್ದವೆಂಬುದನ್ನು ಇದರಿಂದ ಊಹಿಸಬಹುದು.

ಇದಾದ ಮೇಲೆ ಸುಮಾರು ಇನ್ನೂರು ವರ್ಷ ಕಳೆದು, 1840ರ ದಶಕದಲ್ಲಿ ಹೆಣಿಗೆಯ ಪುಸ್ತಕಗಳ ಸುಗ್ಗಿ ಬಂದಿತು. ಜರ್ಮನಿಯ ಮೃದುವಾದ ಬಣ್ಣದ ಉಣ್ಣೆ ಬ್ರಿಟನ್ನಿನ ಅಂಗಡಿಗಳಿಗೆ ಬರತೊಡಗಿತ್ತು. ಓದು ಬಲ್ಲ ಮಧ್ಯಮವರ್ಗದ ಹೆಂಗಸರು ಹೆಚ್ಚುತ್ತಿದ್ದರು. ಎಡಿನ್‌ಬರೋದಲ್ಲಿ ಉಣ್ಣೆಯ ವ್ಯಾಪಾರ ನಡೆಸುತ್ತಿದ್ದ ಜೇನ್ ಗಾಗೇನ್ 1840ರಲ್ಲಿ ತಂದ ಪುಸ್ತಕ ಹಲವು ಮುದ್ರಣಗಳನ್ನು ಕಂಡಿತು. ಒಂದೊಂದು ಕುಣಿಕೆಯನ್ನೂ ವಾಕ್ಯದಲ್ಲಿ ವಿವರಿಸಿದರೆ ಪುಟಗಳು ಸಾಲುವುದಿಲ್ಲವೆಂದು ಅರಿತು ಆಕೆ ಅಕ್ಷರಗಳನ್ನೇ ಸಂಕೇತಗಳಾಗಿ ಬಳಸಿದರು. ರಸಾಯನಶಾಸ್ತ್ರದಲ್ಲಿ ನೀವು ಧಾತುಗಳಿಗೆ ಅಕ್ಷರ ಬರೆಯುವಿರಲ್ಲ, ಹಾಗೆ. 1843ರಲ್ಲಿ ‘ಮೈ ನಿಟ್ಟಿಂಗ್ ಬುಕ್’ ಬರೆದ ಫ್ರಾನ್ಸಿಸ್ ಲ್ಯಾಂಬರ್ಟ್ ಇನ್ನೊಂದು ತೊಡಕನ್ನು ಗುರುತಿಸಿದರು. ಕಡ್ಡಿಗಳ ದಪ್ಪಕ್ಕೆ ಎಲ್ಲರೂ ಒಪ್ಪಿದ ಅಳತೆಯಿರಲಿಲ್ಲ. ಆಕೆ ಕಡ್ಡಿಯ ದಪ್ಪವನ್ನು ಅಳೆಯುವ ಸಾಧನವನ್ನೇ ಬಳಕೆಗೆ ತಂದರು. ಸಂಕೇತ ಮತ್ತು ಅಳತೆ, ಇವೆರಡೂ ಕೂಡಿದಾಗ ಒಂದು ಊರಿನ ಹೆಣಿಗೆಯನ್ನು ಇನ್ನೊಂದು ಊರಿನಲ್ಲಿ ಮಾಡುವುದು ಸಾಧ್ಯವಾಯಿತು.

ಮುಂದೆ ಯುದ್ಧಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕಾಲುಚೀಲಗಳ ಮಾದರಿಗಳು ಚಿಕ್ಕ ಹೊತ್ತಗೆಗಳಾಗಿ ಮನೆಮನೆ ಸೇರಿದವು. ಬ್ರಿಟನ್ನಿನಲ್ಲಿ 1941ರಲ್ಲಿ ಬಟ್ಟೆಗೂ ಪಡಿತರ ಬಂದಿತು. 1943ರ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಸರ್ಕಾರಿ ಕೈಪಿಡಿ ಹಳೆಯ ಉಡುಪುಗಳನ್ನು ಹೇಗೆ ಮತ್ತೆ ಬಳಸಬೇಕೆಂದು ಜನರಿಗೆ ತಿಳಿಸಿತು. ಹಳೆಯ ಸ್ವೆಟರನ್ನು ಬಿಚ್ಚಿ ಅದೇ ದಾರದಿಂದ ಹೊಸದನ್ನು ಹೆಣೆಯುವುದು ಆ ಕಾಲದ ಮಿತವ್ಯಯದ ಪಾಠಗಳಲ್ಲಿ ಒಂದು.

ಆಜ್ಞೆಯಿಂದ ಕಾರಣದ ಕಡೆಗೆ

ಇಷ್ಟಾದರೂ ಹಲವು ಪುಸ್ತಕಗಳು ಓದುಗರಿಗೆ ಆಜ್ಞೆ ಕೊಡುತ್ತಿದ್ದವೇ ಹೊರತು ಕಾರಣ ಹೇಳುತ್ತಿರಲಿಲ್ಲ. ಇಷ್ಟು ಕುಣಿಕೆ ಹಾಕು, ಇಲ್ಲಿ ಎರಡನ್ನು ಒಂದು ಮಾಡು ಎಂದರೆ ಮುಗಿಯಿತು. ಈ ರೂಢಿಯನ್ನು ಮುರಿದವರಲ್ಲಿ ಮೂವರನ್ನು ಹೆಸರಿಸಬೇಕು. 1938ರಲ್ಲಿ ‘ನಿಟ್ಟಿಂಗ್ ಬುಕ್’, 1943ರಲ್ಲಿ ವಿನ್ಯಾಸಗಳ ಪುಸ್ತಕ ಬರೆದ ಮೇರಿ ಥಾಮಸ್ ಬಟ್ಟೆಯ ರಚನೆಯನ್ನೇ ಚಿತ್ರಗಳ ಮೂಲಕ ಬಿಡಿಸಿ ತೋರಿಸಿದರು. ಅಮೆರಿಕದ ಬಾರ್ಬರಾ ವಾಕರ್ 1968ರ ‘ಎ ಟ್ರೆಷರಿ ಆಫ್ ನಿಟ್ಟಿಂಗ್ ಪ್ಯಾಟರ್ನ್ಸ್’ನಲ್ಲಿ ಐನೂರಕ್ಕೂ ಹೆಚ್ಚು ವಿನ್ಯಾಸಗಳನ್ನು ಒಂದೆಡೆ ಸಂಗ್ರಹಿಸಿದರು, 1972ರ ಇನ್ನೊಂದು ಪುಸ್ತಕದಲ್ಲಿ ಚೌಕಗಳ ನಕ್ಷೆಗಳನ್ನು ಕೊಟ್ಟರು. ನಕ್ಷೆಯನ್ನು ನೋಡಿದೊಡನೆ ವಿನ್ಯಾಸದ ರೂಪವೇ ಕಣ್ಣಿಗೆ ಕಟ್ಟುತ್ತದೆ.

ಮೂರನೆಯವರು ಎಲಿಜಬೆತ್ ಜಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈಕೆ 1960ರ ದಶಕದಲ್ಲಿ ವಿಸ್ಕಾನ್ಸಿನ್‌ನ ಸಾರ್ವಜನಿಕ ದೂರದರ್ಶನದಲ್ಲಿ ಹೆಣಿಗೆ ಕಲಿಸಿದರು. ಆಕೆಯ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ 1971ರಲ್ಲಿ ಬಂದಿತು. ಆಕೆ ಹೇಳಿಕೊಟ್ಟ ಲೆಕ್ಕ ಸರಳ. ಮೊದಲು ನಿಮ್ಮ ದಾರ, ನಿಮ್ಮ ಕಡ್ಡಿಯಿಂದ ಒಂದು ಸಣ್ಣ ತುಂಡು ಹೆಣೆದು, ಒಂದು ಅಂಗುಲಕ್ಕೆ ಎಷ್ಟು ಕುಣಿಕೆ ಬರುತ್ತದೆಂದು ಎಣಿಸಿ. 5 ಬಂದು, ಸ್ವೆಟರಿನ ಸುತ್ತಳತೆ 40 ಅಂಗುಲವಾದರೆ ಒಟ್ಟು 200 ಕುಣಿಕೆ. ಮಣಿಕಟ್ಟಿನ ಬಳಿ ತೋಳಿಗೆ ಇದರ ಶೇಕಡಾ 20, ಅಂದರೆ 40. ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಭಾಗ. ಎಣಿಕೆ ತಪ್ಪಿದರೆ ಏನಾಗುತ್ತದೆ ನೋಡಿ. ಅಂಗುಲಕ್ಕೆ 5ರ ಬದಲು ಐದೂವರೆ ಬಂದರೆ ಅದೇ 200 ಕುಣಿಕೆಯ ಸ್ವೆಟರು 40ರ ಬದಲು ಸುಮಾರು 36 ಅಂಗುಲಕ್ಕೆ ಇಳಿಯುತ್ತದೆ. ಅಣ್ಣನಿಗೆಂದು ಹೆಣೆದದ್ದು ತಮ್ಮನ ಪಾಲಾಗುತ್ತದೆ! ಈ ಲೆಕ್ಕವನ್ನು ತಿಳಿದವರು ಇನ್ನೊಬ್ಬರ ಮಾದರಿಗಾಗಿ ಕಾಯಬೇಕಾಗಿಲ್ಲ. ಕಾರಣ ತಿಳಿಸುವ ಪುಸ್ತಕ ಓದುಗರನ್ನು ಸ್ವತಂತ್ರರನ್ನಾಗಿಸುತ್ತದೆ.

ಸುಂದರವಾದ ಕತೆ, ಇಲ್ಲದ ಆಧಾರ

ಈಗ ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಗೆ ಬರೋಣ. ಐರ್ಲೆಂಡಿನ ಆರನ್ ದ್ವೀಪಗಳ ದಪ್ಪನೆಯ ಬಿಳಿ ಸ್ವೆಟರು ಲೋಕಪ್ರಸಿದ್ಧ. ಪ್ರತಿ ಮನೆತನಕ್ಕೂ ತನ್ನದೇ ವಿನ್ಯಾಸವಿತ್ತು, ಕಡಲಲ್ಲಿ ಮುಳುಗಿದ ಬೆಸ್ತರನ್ನು ಅದರಿಂದಲೇ ಗುರುತಿಸುತ್ತಿದ್ದರು, ಅದು ಸಾವಿರ ವರ್ಷಗಳ ಪರಂಪರೆ ಎಂಬ ಮಾತನ್ನು ನೀವು ಅನೇಕ ಕಡೆ ಓದುವಿರಿ. ಇದು ಹೇಗೆ ಬೆಳೆಯಿತು? 1904ರಲ್ಲಿ ರಂಗಕ್ಕೆ ಬಂದ ಜೆ. ಎಂ. ಸಿಂಜ್‌ನ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿ ಮುಳುಗಿ ಸತ್ತವನನ್ನು ಅವನ ತಂಗಿ ಗುರುತಿಸುತ್ತಾಳೆ. ಆದರೆ ಸ್ವೆಟರಿನಿಂದಲ್ಲ, ತಾನೇ ಹೆಣೆದ ಕಾಲುಚೀಲದ ಕುಣಿಕೆಗಳನ್ನು ಎಣಿಸಿ. ಮನೆತನದ ವಿನ್ಯಾಸದ ಮಾತೇ ಅಲ್ಲಿಲ್ಲ. ಹೈನ್ಸ್ ಕೀವೆ ಎಂಬ ವ್ಯಾಪಾರಿ 1936ರಲ್ಲಿ ಡಬ್ಲಿನ್ನಿನಲ್ಲಿ ಇಂಥ ಸ್ವೆಟರನ್ನು ಕಂಡು ಬೆರಗಾದನು. 1967ರ ತನ್ನ ಪುಸ್ತಕದಲ್ಲಿ ಅದರ ಮೂಲವನ್ನು ಪುರಾತನ ಕ್ರೈಸ್ತ ಕಲೆಯವರೆಗೆ ಒಯ್ದನು. ಕತೆ ಮನೋಹರವಾಗಿತ್ತು, ಪ್ರವಾಸಿಗರೂ ವ್ಯಾಪಾರಿಗಳೂ ಅದನ್ನು ಮೆಚ್ಚಿದರು.

ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಪ್ರಮುಖರು ರಿಚರ್ಡ್ ರಟ್. ಇಂಗ್ಲೆಂಡಿನ ಲೆಸ್ಟರ್ ನಗರದ ಬಿಷಪ್ಪರಾಗಿದ್ದ ಇವರು ಸ್ವತಃ ಹೆಣೆಯಬಲ್ಲವರು. 1987ರ ‘ಎ ಹಿಸ್ಟರಿ ಆಫ್ ಹ್ಯಾಂಡ್ ನಿಟ್ಟಿಂಗ್’ ಗ್ರಂಥದಲ್ಲಿ ಉಳಿದುಬಂದ ವಸ್ತುಗಳನ್ನೂ ಬರಹಗಳನ್ನೂ ಮುಂದಿಟ್ಟುಕೊಂಡು, ಆರನ್ ಸ್ವೆಟರು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡದ್ದೆಂದು ತೋರಿಸಿದರು. ಇದರಿಂದ ಆ ದ್ವೀಪದ ಹೆಂಗಸರಿಗೆ ಅವಮಾನವಾಯಿತೇ? ಇಲ್ಲ, ಅವರ ಗೌರವ ಹೆಚ್ಚಿತು. ಪುರಾತನರ ಕೆಲಸವೆಂದು ಹೇಳುತ್ತಿದ್ದುದು ಈಚಿನ ಕೆಲವು ತಲೆಮಾರುಗಳ ಬಡ ಹೆಂಗಸರ ಸ್ವಂತ ಪ್ರತಿಭೆಯೆಂದು ತಿಳಿಯಿತು. ಹುಸಿ ಪ್ರಾಚೀನತೆ ನಿಜವಾಗಿ ದುಡಿದ ಕೈಗಳನ್ನು ಮರೆಮಾಡುತ್ತದೆ.

ಹಾಗಾದರೆ ಪುಸ್ತಕವನ್ನು ಹೇಗೆ ಆರಿಸಬೇಕು? ಅಂಗುಲಕ್ಕೆ ಎಷ್ಟು ಕುಣಿಕೆ, ಎಷ್ಟು ದಪ್ಪದ ಕಡ್ಡಿ ಎಂಬುದನ್ನು ಸ್ಪಷ್ಟವಾಗಿ ಹೇಳಿದೆಯೇ ನೋಡಿ. ಸಂಕೇತಗಳ ಪಟ್ಟಿಯೂ ನಕ್ಷೆಯೂ ಇವೆಯೇ ನೋಡಿ. ಹಳೆಯ ಪುಸ್ತಕವಾದರೆ ಅಂದಿನ ಕಡ್ಡಿಯ ಸಂಖ್ಯೆ ಇಂದಿನದಲ್ಲ ಎಂಬುದು ನೆನಪಿರಲಿ. ಪರಂಪರೆಯ ಮಾತು ಬಂದ ಕಡೆ ಲೇಖಕರು ಆಧಾರ ಕೊಟ್ಟಿದ್ದಾರೆಯೇ ಎಂದು ಕೇಳಿ. ಸ್ಫೂರ್ತಿಗಾಗಿ ಹುಡುಕುವವರು ಕೇಫ್ ಫ್ಯಾಸೆಟ್‌ರ 1985ರ ‘ಗ್ಲೋರಿಯಸ್ ನಿಟ್ಟಿಂಗ್’ನಂಥ ಪುಸ್ತಕ ತೆರೆದರೆ, ಹೆಂಚು, ಜಮಖಾನೆ, ಹೂವುಗಳ ಬಣ್ಣಗಳು ಹೇಗೆ ಹೆಣಿಗೆಗೆ ಇಳಿಯುತ್ತವೆಂದು ಕಾಣುವಿರಿ. ಹತ್ತೊಂಬತ್ತನೆಯ ಶತಮಾನದ ಅನೇಕ ಕೈಪಿಡಿಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಗಣಕೀಕರಿಸಿ ಉಚಿತವಾಗಿ ಒದಗಿಸಿದೆ.

ಕೊನೆಯದಾಗಿ ಒಂದು ಕೆಲಸ ನಿಮಗೆ. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಹೆಣಿಗೆಯನ್ನೋ ಕಸೂತಿಯನ್ನೋ ಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು ಒಂದು ವಿನ್ಯಾಸವನ್ನು ಚೌಕದ ಹಾಳೆಯ ಮೇಲೆ ಇಳಿಸಿಕೊಳ್ಳಿ. ಎಲ್ಲಿ ಕಲಿತರು, ಯಾರಿಂದ ಕಲಿತರು, ಯಾವ ವರ್ಷ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಅಂಥ ಒಂದು ಹಾಳೆಯೂ ನಾಳೆಯ ಇತಿಹಾಸಕಾರರಿಗೆ ಆಧಾರವಾದೀತು.